ಟ್ಯೂಷನ್ ಕೋಣೆಗೆ ತಂದ ಕಾರ್ಬನ್ ಡೈಆಕ್ಸೈಡ್ ಮೀಟರ್, ಎಂಟು ತಿಂಗಳ ಬಳಕೆಯ ಮೇಲೆ

ಕಲಬುರಗಿಯಲ್ಲಿ ಒಂಬತ್ತು, ಹತ್ತನೇ ತರಗತಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಹಸಿರುಮನೆ ಪರಿಣಾಮದ ಪಾಠ ಬಂದಾಗಲೆಲ್ಲ ಮಕ್ಕಳು ಸುಮ್ನೆ ಬಾಯಿಪಾಠ ಮಾಡುತ್ತಿದ್ದರು. ಕಣ್ಣಿಗೆ ಕಾಣದ್ದನ್ನು ನಂಬುವುದು ಹೇಗೆ? ಅದಕ್ಕೇ ಈ ಮೀಟರ್ ತರಿಸಿದೆ.

ಮೊದಲು ತಂದದ್ದು ಅಗ್ಗದ್ದು. ದಯವಿಟ್ಟು ಅಂಥದ್ದು ಕೊಳ್ಳಬೇಡಿ. ಒಗ್ಗರಣೆ ಹಾಕಿದರೆ ಅಂಕಿ ಏರುತ್ತದೆ, ಊದಿನಕಡ್ಡಿ ಹಚ್ಚಿದರೂ ಏರುತ್ತದೆ. ಕಾರ್ಬನ್ ಡೈಆಕ್ಸೈಡ್ ಅಳೆಯುವ ಸೆನ್ಸರ್ ಅದರಲ್ಲಿ ಇಲ್ಲವೇ ಇಲ್ಲ, ಬೇರೆ ಆವಿಗಳನ್ನು ಹಿಡಿದು ಅಂದಾಜು ತೋರಿಸುತ್ತದೆ ಅಷ್ಟೇ. ಪೆಟ್ಟಿಗೆ ಮೇಲೆ 'ಎನ್‌ಡಿಐಆರ್' (ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣ ಬಳಸಿ ಅಳೆಯುವ ಸೆನ್ಸರ್) ಅಂತ ಇದ್ದರೆ ಮಾತ್ರ ತಗೊಳ್ಳಿ. ನಾನು ಎರಡನೇ ಸಲ ಅದನ್ನೇ ತಂದೆ, ಐದು ಸಾವಿರದ ಹತ್ತಿರ ಬಿತ್ತು.

ಈ ಸೆನ್ಸರ್ ಕೆಲಸ ಮಾಡುವ ರೀತಿಯೇ ಒಂದು ಪಾಠ. ಒಳಗೆ ಪುಟ್ಟ ಗೂಡು ಇದೆ. ಒಂದು ಕಡೆಯಿಂದ ಇನ್‌ಫ್ರಾರೆಡ್ ಬಿಡುತ್ತದೆ, ಇನ್ನೊಂದು ಕಡೆ ಎಷ್ಟು ತಲುಪಿತು ಅಂತ ನೋಡುತ್ತದೆ. ನಡುವಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದ್ದಷ್ಟೂ ತಲುಪುವುದು ಕಡಿಮೆ. ಭೂಮಿ ಮೇಲೆ ಆಗುವುದೂ ಇದೇ ಅಲ್ವಾ? ಬಿಸಿಲಿಗೆ ಕಾದ ನೆಲ ಇನ್‌ಫ್ರಾರೆಡ್ ಆಗಿ ಶಾಖ ಬಿಡುತ್ತದೆ, ಗಾಳಿಯ ಬಹುಪಾಲು ನೈಟ್ರೋಜನ್, ಆಕ್ಸಿಜನ್ ಆದರೂ ಅವು ಅದನ್ನು ತಡೆಯುವುದಿಲ್ಲ, ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಒಂದಷ್ಟನ್ನು ವಾಪಸ್ ಕೆಳಗೆ ಕಳಿಸುತ್ತವೆ. ಈ ಹಸಿರುಮನೆ ಪರಿಣಾಮ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು, ಈಗ 15ರ ಆಸುಪಾಸು ಇದೆ. 1859ರಲ್ಲಿ ವಿಜ್ಞಾನಿ ಜಾನ್ ಟಿಂಡಲ್ ಕೂಡ ಕೊಳವೆಯಲ್ಲಿ ಗ್ಯಾಸ್ ತುಂಬಿಸಿ, ಶಾಖ ಎಷ್ಟು ದಾಟುತ್ತದೆ ಅಂತಲೇ ಅಳೆದರು.

ಮೇ ತಿಂಗಳಲ್ಲಿ ಬಿಸಿಗಾಳಿಗೆ ಹೆದರಿ ಕಿಟಕಿ ಮುಚ್ಚಿ ಪಾಠ ಮಾಡಿದೆವು. ಹದಿನೆಂಟು ಮಕ್ಕಳು, ಒಂದೇ ತಾಸು, ಅಂಕಿ (ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಕಾರ್ಬನ್ ಡೈಆಕ್ಸೈಡಿನವು ಎಷ್ಟು ಅನ್ನುವ ಲೆಕ್ಕ) 2,000 ದಾಟಿತು. ಹಿಂದಿನ ಸಾಲಿನವರು ತೂಕಡಿಸುವುದು ನನ್ನ ಪಾಠಕ್ಕೆ ಅಂದುಕೊಂಡಿದ್ದೆ. ಈಗ ನಡುನಡುವೆ ಕಿಟಕಿ ತೆರೆಯುತ್ತೇವೆ.

ಎಲ್ಲಕ್ಕಿಂತ ಚೆನ್ನಾಗಿ ಆದದ್ದು ಶಹಾಬಾದ್ ಕಲ್ಲಿನ ಪ್ರಯೋಗ. ಕಲ್ಲು ಕೊಯ್ಯುವ ಕಡೆ ಬಿದ್ದ ಪುಡಿ ತಂದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೀಟರ್ ಪಕ್ಕ ಇಟ್ಟು, ವಿನೆಗರ್ ಹಾಕಿ ಮುಚ್ಚಿದೆವು. ಪುಡಿ ನೊರೆ ಬಂತು, ಅಂಕಿ ಸರಸರ ಏರಿತು. ನಮ್ಮ ಮನೆಗಳ ನೆಲಕ್ಕೆ ಹಾಸಿರುವುದು ಇದೇ ಸುಣ್ಣದ ಕಲ್ಲು! ಕೋಟ್ಯಂತರ ವರ್ಷಗಳ ಹಿಂದೆ ಗಾಳಿಯಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಸಮುದ್ರದಲ್ಲಿ ಕರಗಿ, ಸುಣ್ಣವಾಗಿ ತಳ ಸೇರಿ ಕಲ್ಲಾಯಿತು. ಸೇಡಂ, ವಾಡಿ ಕಡೆ ಸಿಮೆಂಟಿಗಾಗಿ ಇದನ್ನು ಸುಟ್ಟಾಗ ಅದು ಮತ್ತೆ ಗಾಳಿ ಸೇರುತ್ತದೆ, ಸುಡಲು ಉರಿಸುವ ಕಲ್ಲಿದ್ದಲಿನದು ಬೇರೆ. ಇದನ್ನು ಹೇಳಿದಾಗ ಮಕ್ಕಳು ಕಾಲ ಕೆಳಗಿನ ನೆಲ ನೋಡಿಕೊಂಡರು.

ಕುಂದುಗಳೂ ಇವೆ. ಬ್ಯಾಟರಿ ಒಂದು ದಿನವೂ ಬರುವುದಿಲ್ಲ, ಕೈಪಿಡಿ ಕನ್ನಡದಲ್ಲಿಲ್ಲ, 50 ಅಂಕಿ ಆಚೀಚೆ ಆಗುತ್ತದೆ. ಇನ್ನೊಂದು ದೊಡ್ಡದು: ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯೇ ಹೊರಗಿನ ಗಾಳಿ ಅಂದುಕೊಂಡು ಅದನ್ನು 400 ಮಾಡಿಕೊಳ್ಳುತ್ತದೆ. ವಾರಪೂರ್ತಿ ಮುಚ್ಚಿದ ಕೋಣೆಯಲ್ಲಿಟ್ಟರೆ ಲೆಕ್ಕ ಪೂರ್ತಿ ತಪ್ಪು. ಮಾಳಿಗೆ ಮೇಲೆ ಇಟ್ಟರೂ ತಪ್ಪೇ, ಯಾಕಂದ್ರೆ ಹೊರಗಿನ ಗಾಳಿಯೇ ಈಗ 400 ಇಲ್ಲ. ಕಾರ್ಖಾನೆಗಳ ಕಾಲಕ್ಕೆ ಮುಂಚೆ 280 ಇತ್ತು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರು ಮಾಡಿದಾಗ ಸುಮಾರು 315, 2024ರಲ್ಲಿ ಅಲ್ಲಿನ ಸರಾಸರಿ 424 ದಾಟಿತ್ತು. ಈ ಮಾಡೆಲ್‌ನಲ್ಲಿ ಆ 400ರ ಅಂಕಿಯನ್ನು ಕೈಯಿಂದ ಬದಲಿಸಬಹುದು. ನಾನು ಬೆಳಗಿನ ಗಾಳಿಗೆ ಇಟ್ಟು 425 ಮಾಡಿಕೊಂಡಿದ್ದೇನೆ. ನೀವು ಕೊಂಡರೂ ಮೊದಲು ಅದನ್ನೇ ಮಾಡಿ, ಎರಡು ಮೂರು ವರ್ಷ ಕಳೆದ ಮೇಲೆ ಮತ್ತೆ ಏರಿಸಬೇಕಾಗುತ್ತದೆ.