ನಾಯಿಯ ಕೆರೆತಕ್ಕೆ ಹೆಸರು ಹೇಳದ ಸೂಜಿ ಹಾಕಿಸಬೇಡಿ

ರಾಯಚೂರು, ಮಾನ್ವಿ, ಸಿಂಧನೂರು ಕಡೆ ನಾಯಿ ಸಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾಯಿ ಬಿಡದೆ ಕೆರೆದುಕೊಳ್ಳುತ್ತಿದೆ ಅಂದರೆ ಸಾಕು, ಮನೆಗೇ ಬಂದು ಸೂಜಿ ಹಾಕಿ ಹೋಗುವವರು ಸಿಗುತ್ತಾರೆ. ಒಂದೆರಡು ದಿನದಲ್ಲಿ ಕೆರೆತ ನಿಂತೇ ಹೋಗುತ್ತದೆ. ಅದಕ್ಕೇ ಜನ ನಂಬುತ್ತಾರೆ. ಆ ಸೂಜಿಯಿಂದ ನಮ್ಮ ಕರಿಯ ಎಷ್ಟು ನರಳಿದ ಅನ್ನುವುದನ್ನು ನಾವು ದಿನಾ ನೋಡಿದ್ದೇವೆ.

ಕರಿಯ ನಾಟಿ ನಾಯಿ. ಗಟ್ಟಿ ಮೈ. ಬೇಸಿಗೆಯಲ್ಲಿ ಕಿವಿಯ ಅಂಚು, ಮೊಣಕೈ, ಹೊಟ್ಟೆ ಕೆರೆದುಕೊಳ್ಳಲು ಶುರು ಮಾಡಿದ. ರಾತ್ರಿ ನಿದ್ದೆಯೇ ಇಲ್ಲ. ಕಿವಿಯ ಅಂಚಿನಲ್ಲಿ ಕೂದಲು ಉದುರಿ ಹಕ್ಕಳೆ ಕಟ್ಟಿತು. ಪರಿಚಯದವರೊಬ್ಬರು ‘ನಾಯಿ ಡಾಕ್ಟರ್’ ಅಂತ ಒಬ್ಬರನ್ನು ಕಳಿಸಿದರು. ಆತ ಕರಿಯನ ಮೈ ಮುಟ್ಟಿ ಕೂಡ ನೋಡಲಿಲ್ಲ. “ಏನಿಲ್ಲ ಅಕ್ಕಾ, ಬಿಸಿಲಿಗೆ ಉಷ್ಣ ಆಗ್ಯಾದ. ಒಂದು ಸೂಜಿ ಮಾಡಿದ್ರ ಆತು” ಅಂದ. ಔಷಧಿಯ ಹೆಸರು ಕೇಳಿದರೆ “ಕೆರೆತದ್ದೇ ಸೂಜಿ” ಅಂದ. ಚೀಟಿ ಕೇಳಿದರೆ ಮುಂದಿನ ಸಲ ಕೊಡ್ತೀನಿ ಅಂದ. ಕೊನೆಯವರೆಗೂ ಕೊಡಲಿಲ್ಲ.

ಕೆರೆತ ನಿಂತಿತು. ಕೆಲವು ವಾರ ಕಳೆದ ಮೇಲೆ ಮೊದಲಿಗಿಂತ ಜಾಸ್ತಿ ಆಗಿ ಬಂತು. ಮತ್ತೆ ಸೂಜಿ. ಹೀಗೇ ತಿಂಗಳುಗಟ್ಟಲೆ ನಡೆಯಿತು. ಅಷ್ಟರಲ್ಲಿ ಕರಿಯ ಬಕೆಟ್‌ಗೆ ಬಾಯಿ ಹಾಕಿದರೆ ತೆಗೆಯುತ್ತಿರಲಿಲ್ಲ. ಎಂದೂ ಒಳಗೆ ಉಚ್ಚೆ ಹೊಯ್ಯದವನು ಪಡಸಾಲೆಯಲ್ಲೇ ಹೊಯ್ದು, ತಲೆ ತಗ್ಗಿಸಿ ನಿಲ್ಲುತ್ತಿದ್ದ. ಎಷ್ಟು ಹಾಕಿದರೂ ಹಸಿವು ತೀರದು. ಹೊಟ್ಟೆ ಜೋತು ಬಿತ್ತು, ತೊಡೆ ಸೊರಗಿತು, ಚರ್ಮ ಕಾಗದದಂತೆ ತೆಳ್ಳಗಾಯಿತು. ಹೊಟ್ಟೆಯ ಮೇಲೆ ಕೀವು ಗುಳ್ಳೆ ಎದ್ದವು. ಆತನಿಗೆ ಫೋನ್ ಮಾಡಿ ಹೇಳಿದರೆ “ಬ್ಯಾಸಗಿ, ನೀರು ಕುಡೀತಾವ ಅಕ್ಕಾ” ಅಂದ.

ನಿಜ ಸಂಗತಿ ತಿಳಿದಿದ್ದು ಅವ್ವನಿಂದ. ಅವ್ವನ ಮುಂಗೈ ಮತ್ತು ಸೊಂಟದ ಹತ್ತಿರ ಕೆಂಪು ಗುಳ್ಳೆ ಬಂದು ತುರಿಕೆ ಶುರುವಾಯಿತು. ಚರ್ಮದ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, ಮನೆಯಲ್ಲಿ ಕೆರೆದುಕೊಳ್ಳುವ ನಾಯಿ ಇದೆಯಾ ಅಂತ. ಅಲ್ಲಿಂದ ಸೀದಾ ಕರಿಯನನ್ನು ಓದಿದ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆವು.

ಅವರು ಕಿವಿಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿದರು. ಕರಿಯನ ಹಿಂಗಾಲು ತಾನಾಗಿಯೇ ಗಾಳಿಯಲ್ಲಿ ಕೆರೆಯತೊಡಗಿತು. ಇದು ಕಜ್ಜಿ, ನಮ್ಮ ಕಡೆ ಹುರುಕು ಅಂತೀವಲ್ಲ, ಅದರ ಗುರುತು ಇರಬಹುದು ಅಂದರು. ಸಾರ್ಕಾಪ್ಟಿಸ್ ಎಂಬ ಕಣ್ಣಿಗೆ ಕಾಣದ ಹುಳ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಬ್ಲೇಡಿನಿಂದ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹುಳ ಸಿಗಲಿಲ್ಲ. ಈ ಹುಳ ಎಷ್ಟೋ ಸಲ ಪರೀಕ್ಷೆಯಲ್ಲಿ ಸಿಗುವುದೇ ಇಲ್ಲವಂತೆ. ಲಕ್ಷಣ ಹೊಂದಿದರೆ ಚಿಕಿತ್ಸೆ ಕೊಟ್ಟೇ ನೋಡಬೇಕು ಅಂದರು. ತೂಕ ನೋಡಿ, ಹುಳ ಕೊಲ್ಲುವ ಸಾರೊಲನರ್ ಮಾತ್ರೆ ಕೊಟ್ಟರು. ಅದಕ್ಕೂ ಮೊದಲು ಫಿಟ್ಸ್ ಬಂದಿತ್ತಾ ಅಂತ ವಿಚಾರಿಸಿದರು, ಯಾಕೆಂದರೆ ಫಿಟ್ಸ್ ಇರುವ ನಾಯಿಗೆ ಈ ಗುಂಪಿನ ಔಷಧಿ ಕೊಡುವಾಗ ಹುಷಾರಾಗಿರಬೇಕು. ಕರಿಯನ ಜೊತೆ ಮಲಗುವ ಇನ್ನೊಂದು ನಾಯಿಗೂ ಮಾತ್ರೆ ಹಾಕಿಸಿದರು. ಹಾಸಿಗೆ ಬಟ್ಟೆಯನ್ನೆಲ್ಲ ಬಿಸಿನೀರಲ್ಲಿ ಒಗೆಸಿದರು. ನಾಯಿಯ ಈ ಹುಳ ಮನುಷ್ಯರ ಮೈಯಲ್ಲಿ ಬೆಳೆದು ಸಂಸಾರ ಹೂಡುವುದಿಲ್ಲ. ಕರಿಯ ಗುಣವಾಗುತ್ತಾ ಬಂದಂತೆ ಅವ್ವನ ತುರಿಕೆಯೂ ಹೋಯಿತು.

ಹಾಗಾದರೆ ಆ ಸೂಜಿ ಏನು? ನೀರಡಿಕೆ, ಉಚ್ಚೆ, ಜೋತ ಹೊಟ್ಟೆ ನೋಡಿ ಅದು ಸ್ಟೀರಾಯ್ಡ್ ಅಂದರು ಡಾಕ್ಟರು. ಡೆಕ್ಸಾಮೆಥಾಸೋನ್, ಟ್ರಯಾಮ್ಸಿನೊಲೋನ್, ಪ್ರೆಡ್ನಿಸೊಲೋನ್ ಎಲ್ಲ ಇದೇ ಜಾತಿ. ಸ್ಟೀರಾಯ್ಡ್ ಕೆಟ್ಟದ್ದಲ್ಲ, ಗೊತ್ತಿರುವವರ ಕೈಯಲ್ಲಿ ಒಳ್ಳೆಯ ಔಷಧಿ. ಆದರೆ ಅದು ಹುಳ ಕೊಲ್ಲುವುದಿಲ್ಲ. ಮೈಯ ರೋಗ ತಡೆಯುವ ಶಕ್ತಿಯನ್ನು ತಗ್ಗಿಸಿ ಕೆರೆತ ನಿಲ್ಲಿಸುತ್ತದೆ ಅಷ್ಟೆ. ಆ ಶಕ್ತಿ ತಗ್ಗಿದಾಗ ಹುಳಕ್ಕೂ ಕೀವಿಗೂ ದಾರಿ ಸಲೀಸು. ಡೆಮೊಡೆಕ್ಸ್ ಅನ್ನುವ ಇನ್ನೊಂದು ಹುಳವಂತೂ ಸ್ಟೀರಾಯ್ಡ್ ಬಿದ್ದ ಮೈಯಲ್ಲಿ ಸಿಕ್ಕಾಪಟ್ಟೆ ಬೆಳೆಯುತ್ತದೆ. ಬರೀ ಬಿಸಿಲಿಗೆ ಯಾವ ನಾಯಿಯೂ ತಿಂಗಳುಗಟ್ಟಲೆ ಕೆರೆದುಕೊಳ್ಳುವುದಿಲ್ಲ. ‘ಉಷ್ಣ’ ಅಂತ ಯಾರಾದರೂ ಹೇಳಿದರೆ ಅಲ್ಲೇ ಅನುಮಾನ ಪಡಿ.

ಎಲ್ಲಿ ಕೆರೆದುಕೊಳ್ಳುತ್ತದೆ ಅನ್ನುವುದನ್ನು ಗಮನಿಸಿ ಡಾಕ್ಟರಿಗೆ ಹೇಳಿ, ಅದೇ ಅರ್ಧ ದಾರಿ. ಬಾಲದ ಬುಡ, ಸೊಂಟ ಕಚ್ಚಿಕೊಳ್ಳುತ್ತಿದ್ದರೆ ಚಿಗಟದ ಅಲರ್ಜಿ ಇರಬಹುದು. ಚಿಗಟ ಕಾಣದಿದ್ದರೂ ಕೂದಲೊಳಗೆ ಕರಿ ಪುಡಿ ಇದೆಯಾ ನೋಡಿ. ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿದಾಗ ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ. ಪಾದ ನೆಕ್ಕುವುದು, ಮುಖ ಉಜ್ಜುವುದು, ಪದೇ ಪದೇ ಕಿವಿ ಸೋರುವುದು ಧೂಳು ಅಥವಾ ಆಹಾರದ ಅಲರ್ಜಿ ಆಗಿರಬಹುದು. ಆಹಾರದ್ದೇ ಅಂತ ತಿಳಿಯಲು, ಡಾಕ್ಟರು ಹೇಳಿದ್ದನ್ನು ಬಿಟ್ಟು ಬೇರೇನನ್ನೂ ಕೊಡದೆ ಸುಮಾರು 8 ವಾರ ನೋಡಬೇಕಾಗುತ್ತದೆ. ಮಕ್ಕಳು ಬಿಸ್ಕತ್ತು ಹಾಕಿದರೆ ಅಷ್ಟೂ ದಿನ ವ್ಯರ್ಥ.

ಇನ್ನೂ ಒಂದು ವಿಷಯ ಹೇಳಲೇಬೇಕು, ಇದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಹತ್ತಿಗೆ ಹೊಡೆದು ಉಳಿದ ಕ್ರಿಮಿನಾಶಕ ಎಣ್ಣೆಯನ್ನು ನೀರಲ್ಲಿ ಕಲಸಿ ನಾಯಿಗೆ ಸುರಿಯುವವರಿದ್ದಾರೆ. ಗ್ಯಾರೇಜಿನ ವೇಸ್ಟ್ ಆಯಿಲ್ ಬಳಿಯುವವರೂ ಇದ್ದಾರೆ. ನಾಯಿ ಮೈ ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಜೊಲ್ಲು, ನಡುಕ, ವಾಂತಿ, ಆಮೇಲೆ ಸಾವು. ದನಕ್ಕೆ ಹಾಕುವ ಐವರ್‌ಮೆಕ್ಟಿನ್ ಸೂಜಿಯನ್ನು ಅಂದಾಜಿನ ಮೇಲೆ ನಾಯಿಗೆ ಹಾಕುವುದೂ ಅಷ್ಟೇ ಅಪಾಯ. ಅದರ 1 ಮಿಲಿಯಲ್ಲಿ 10 ಮಿಲಿಗ್ರಾಂ ಔಷಧಿ ಇರುತ್ತದೆ, ಸಣ್ಣ ನಾಯಿಗೆ ಒಂದು ಹನಿ ಲೆಕ್ಕ ತಪ್ಪಿದರೂ ಜಾಸ್ತಿ. ಕೋಲಿ ತಳಿಯ ಎಷ್ಟೋ ನಾಯಿಗಳಿಗೆ ಅದು ಮಿದುಳಿಗೇ ಹೊಡೆಯುತ್ತದೆ.

ಚಿಕಿತ್ಸೆ ಕೊಡುವವರು ಬಿವಿಎಸ್‌ಸಿ (ಪಶುವೈದ್ಯ ಪದವಿ) ಓದಿ ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿ ಆದವರಾ ಅಂತ ಕೇಳಿ. ಕೇಳಲು ಸಂಕೋಚ ಬೇಡ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಇರುವುದೇ ಅದಕ್ಕೆ. ಹಣ ಇಲ್ಲ ಅನ್ನುವವರು ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ, ಅಲ್ಲಿ ನಾಯಿಗಳನ್ನೂ ನೋಡುತ್ತಾರೆ.

ನಿಮ್ಮ ನಾಯಿಗೆ ಈಗಾಗಲೇ ಇಂಥ ಸೂಜಿ ತುಂಬಾ ದಿನದಿಂದ ಬೀಳುತ್ತಿದ್ದರೆ ಹೆದರಿ ಒಮ್ಮೆಲೇ ನಿಲ್ಲಿಸಿ ಸುಮ್ನೆ ಕೂರಬೇಡಿ. ಹೊರಗಿನಿಂದ ಸ್ಟೀರಾಯ್ಡ್ ಬಂದು ಬಂದು ಮೈ ತನ್ನದನ್ನು ತಯಾರಿಸುವುದನ್ನೇ ಬಿಟ್ಟಿರುತ್ತದೆ. ಹಠಾತ್ತಾಗಿ ನಿಂತರೆ ನಾಯಿ ವಾಂತಿ ಮಾಡಿ, ಸುಸ್ತಾಗಿ ಬೀಳಬಹುದು. ಕರಿಯನಿಗೂ ಸ್ಟೀರಾಯ್ಡ್ ಮಾತ್ರೆ ಕೊಟ್ಟು ವಾರವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿದರು. ಖಾಲಿ ಬಾಟಲಿ ಸಿಕ್ಕರೆ ಎತ್ತಿಟ್ಟುಕೊಳ್ಳಿ, ಇಲ್ಲವೇ ಲೇಬಲ್‌ನ ಫೋಟೋ ತೆಗೆದುಕೊಳ್ಳಿ. ಎಷ್ಟು ದಿನದಿಂದ, ಯಾವಾಗ ಯಾವಾಗ ಹಾಕಿದರು ಅಂತ ಬರೆದುಕೊಂಡು ಆದಷ್ಟು ಬೇಗ ಡಾಕ್ಟರಿಗೆ ತೋರಿಸಿ.