ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ: ‘ಸೆಟ್’ ಎಂಬ ಒಂದೇ ಪದ ಇಟ್ಟು ನೋಡಿದಾಗ

ದಾವಣಗೆರೆಯ ಪಿಯು, ಪದವಿ ಮಕ್ಕಳ ಬ್ಯಾಗಿನಲ್ಲಿ ಹೆಚ್ಚಾಗಿ ಕಾಣುವುದು ಇಂಗ್ಲಿಷ್–ಕನ್ನಡ ಪಾಕೆಟ್ ಡಿಕ್ಷನರಿ. ಅದರಲ್ಲಿ ‘ಸೆಟ್’ ತೆಗೆದರೆ ಇಡು, ಹೊಂದಿಸು, ಮುಳುಗು, ಗುಂಪು ಅಂತ ಒಂದೇ ಸಾಲಿನಲ್ಲಿ ಸಿಗುತ್ತವೆ. ಯಾವುದನ್ನು ಎಲ್ಲಿ ಬಳಸಬೇಕು ಎಂಬುದು ಸಿಗುವುದಿಲ್ಲ. 1989ರ ದೊಡ್ಡ ಆಕ್ಸ್‌ಫರ್ಡ್ ನಿಘಂಟು ಈ ಪದಕ್ಕೆ ಸುಮಾರು 430 ಅರ್ಥ ಕೊಟ್ಟಿದೆ. ಹಾಗಾಗಿ ಕಲಿಯುವವರ ನಿಘಂಟನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಪದ ಇಲ್ಲ.

ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಇಲ್ಲಿ ಗೆಲ್ಲುತ್ತದೆ. ಕ್ರಿಯಾಪದ, ನಾಮಪದ, ವಿಶೇಷಣ ಮೂರೂ ಬೇರೆ ಬೇರೆ. ಅರ್ಥಗಳ ಮೇಲೆ ಸಣ್ಣ ತಲೆಬರಹಗಳಿವೆ: ಗಡಿಯಾರ ಮತ್ತು ಯಂತ್ರ, ಊಟದ ಮೇಜು, ಒಡವೆ, ಗಟ್ಟಿಯಾಗುವುದು, ಮೂಳೆ, ಸೂರ್ಯ–ಚಂದ್ರ. ಮೊದಲಿನಿಂದ ಓದುತ್ತಾ ಹೋದರೆ ತಲೆ ಕೆಡುತ್ತದೆ. ನಿಮ್ಮ ವಾಕ್ಯದಲ್ಲಿ ‘ಸೆಟ್’ ಜೊತೆಗೆ ಯಾವ ವಸ್ತು ಇದೆ ನೋಡಿ, ನೇರ ಆ ತಲೆಬರಹಕ್ಕೆ ಹೋಗಿ. ಸಿಮೆಂಟ್ ಇದ್ದರೆ ಗಟ್ಟಿಯಾಗುವುದು, ಮುರಿದ ಕೈ ಇದ್ದರೆ ಮೂಳೆ ಕೂಡಿಸುವುದು, ಉಂಗುರ ಇದ್ದರೆ ಹರಳು ಕೂರಿಸುವುದು, ಅಲಾರಾಂ ಇದ್ದರೆ ಇಡುವುದು.

ಇದರ ವೆಬ್‌ಸೈಟಿನಲ್ಲಿ ಪದದ ಮೂಲ ಕೊಡುವ ಭಾಗವನ್ನು ತಪ್ಪದೆ ಓದಿ. ಕ್ರಿಯಾಪದ ‘ಸೆಟ್’ ಬಂದಿರುವುದು ‘ಸಿಟ್’ ಬಂದ ಬೇರಿನಿಂದಲೇ. ನಮ್ಮ ಕೂರು–ಕೂರಿಸು ಇದ್ದ ಹಾಗೆ. ಹರಳು, ಮೂಳೆ, ಅಲಾರಾಂ ಎಲ್ಲದರಲ್ಲೂ ಒಂದನ್ನು ಅದರ ಜಾಗದಲ್ಲಿ ಕೂರಿಸುವುದೇ ಇದೆ. ಆದರೆ ‘ಗುಂಪು’ ಎಂಬ ಅರ್ಥ ಬಹುಪಾಲು ಫ್ರೆಂಚ್ ದಾರಿಯಲ್ಲಿ ಲ್ಯಾಟಿನ್‌ನ ‘ಸೆಕ್ಟಾ’ದಿಂದ ಬಂತು, ಪಂಥ ಎನ್ನುವ ‘ಸೆಕ್ಟ್’ ಕೂಡ ಅದರದೇ ಕೂಸು. ಮೋಟಾರು, ಪಂಪು ಸೇರಿ ಪಂಪ್‌ಸೆಟ್ ಆದದ್ದು ಈ ಎರಡನೇ ಸಾಲಿಗೆ ಸೇರುತ್ತದೆ. ಎರಡು ಬೇರು ಅಂತ ತಿಳಿದ ಮೇಲೆ ಅರ್ಧ ಗೊಂದಲ ಕಳೆಯುತ್ತದೆ.

ಇನ್ನು ವ್ಯಾಕರಣ. ಭೂತಕಾಲದಲ್ಲೂ ‘ಸೆಟ್’, ಹ್ಯಾವ್ ಜೊತೆಗೂ ‘ಸೆಟ್’. ‘ಸೆಟೆಡ್’ ಎಂದು ಬರೆದರೆ ಅಂಕ ಹೋಯಿತು. ‘ಸೆಟ್ಟಿಂಗ್’ ಬರೆಯುವಾಗ ಟಿ ಎರಡು. ಕರ್ಮಪದ ಬೇಕೋ ಬೇಡವೋ ಎಂಬುದನ್ನು ಪ್ರತಿ ಅರ್ಥದ ಎದುರು ಚೌಕ ಕಂಸದಲ್ಲಿ ಗುರುತು ಹಾಕಿರುತ್ತಾರೆ. ಸಿಮೆಂಟ್ ತಾನಾಗಿ ಸೆಟ್ ಆಗುತ್ತದೆ, ದಿನಾಂಕವನ್ನು ಯಾರಾದರೂ ಸೆಟ್ ಮಾಡಬೇಕು. ಕನ್ನಡದಲ್ಲಿ ‘ಆಗು’, ‘ಮಾಡು’ ಹೊತ್ತುಕೊಳ್ಳುವ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದವಿಲ್ಲ. ಆ ಗುರುತನ್ನು ಬಿಟ್ಟು ಓದಿದರೆ ಪ್ಯಾಸಿವ್ (ಕರ್ಮಣಿ) ವಾಕ್ಯಗಳು ಕೆಡುತ್ತವೆ.

ಕಾನೂನು ವಿದ್ಯಾರ್ಥಿಗಳಿಗೆ, ಪತ್ರಿಕೆಗೆ ಅನುವಾದ ಮಾಡುವವರಿಗೆ ಈ ನಿಘಂಟು ನಿಜವಾಗಿ ಒದಗುವುದು ಫ್ರೇಸಲ್ ವರ್ಬ್ ಭಾಗದಲ್ಲಿ, ಅಂದರೆ ಕ್ರಿಯಾಪದಕ್ಕೆ ಇನ್ನೊಂದು ಸಣ್ಣ ಪದ ಸೇರಿ ಬೇರೆಯೇ ಅರ್ಥ ಕೊಡುವ ಕಡೆ. ‘ಸೆಟ್ ಅಸೈಡ್’ ಎಂದರೆ ಹಣವನ್ನೋ ಸಮಯವನ್ನೋ ತೆಗೆದಿಡುವುದು. ಕೋರ್ಟು ಆದೇಶವನ್ನು ‘ಸೆಟ್ ಅಸೈಡ್’ ಮಾಡಿತು ಎಂದರೆ ಅದನ್ನು ರದ್ದುಪಡಿಸಿತು ಎಂದೇ ಅರ್ಥ. ‘ಬದಿಗಿಟ್ಟಿತು’ ಎಂದು ಬರೆದರೆ ಆದೇಶ ಇನ್ನೂ ಜೀವಂತ ಇದೆ ಎಂದು ಓದುಗ ತಿಳಿಯುತ್ತಾನೆ. ‘ಸೆಟ್ ಇನ್’ಗೆ ನಮ್ಮ ‘ಮಳೆ ಹಿಡಿಯಿತು’ ಸರಿಹೊಂದುತ್ತದೆ.

ಕೊರತೆಗಳೂ ಇವೆ. ಕನ್ನಡ ಒಂದಕ್ಷರವೂ ಇಲ್ಲ, ಆದ್ದರಿಂದ ಹತ್ತನೇ ತರಗತಿಯೊಳಗಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಪಕ್ಕದಲ್ಲಿ ದ್ವಿಭಾಷಾ ನಿಘಂಟು ಬೇಕೇ ಬೇಕು. ‘ಅವನಿಗೂ ನನಗೂ ಸೆಟ್ ಆಗಲ್ಲ’ ಎಂಬ ನಮ್ಮ ಮಾತಿನ ಅರ್ಥ ಇದರಲ್ಲಿ ಸಿಗದು, ಏಕೆಂದರೆ ಅದು ಇಂಗ್ಲಿಷಿನಲ್ಲಿಲ್ಲ. ಕೆಲಸ ಒಗ್ಗುವುದಿಲ್ಲ ಎನ್ನಲು ಅಲ್ಲಿ ‘ಸೂಟ್’ ಬಳಸಬೇಕು. ಇಂಟರ್ವ್ಯೂಗಳಲ್ಲಿ ಪದೇ ಪದೇ ಕೇಳಿಬರುವ ತಪ್ಪು ಇದು.

ವೆಬ್‌ಸೈಟ್ ಉಚಿತ, ಜಾಹೀರಾತುಗಳ ಕಾಟ ಇದ್ದರೂ ಬ್ರಿಟಿಷ್, ಅಮೆರಿಕನ್ ಎರಡೂ ಉಚ್ಚಾರಣೆ ಕೇಳಬಹುದು. ಪುಸ್ತಕವೇ ಬೇಕೆಂದರೆ 2020ರ ಹತ್ತನೇ ಆವೃತ್ತಿಗೇ ದುಡ್ಡು ಸುರಿಯಬೇಕಿಲ್ಲ. ಹಳೆ ಪುಸ್ತಕದಂಗಡಿಯಲ್ಲಿ 2010ರ ಎಂಟನೆಯದು ಸಿಕ್ಕರೂ ಸಾಕು. ಕೊಳ್ಳುವ ಮೊದಲು ‘ಎಸ್’ ಅಕ್ಷರದ ಹಾಳೆಗಳು ಪೂರ್ತಿ ಇವೆಯೇ ಎಂದು ತಿರುವಿ ನೋಡಿ.