ಸಾದಾ ಪಿಎಲ್‌ಎ ಫಿಲಮೆಂಟ್, 1.75 ಮಿಮೀ: ಪಟ್ಟನೆ ಮುರಿದರೆ ತೇವವನ್ನೇ ದೂರಬೇಡಿ

3ಡಿ ಪ್ರಿಂಟಿಂಗ್ ಶುರುಮಾಡುವವರು ಕಣ್ಣುಮುಚ್ಚಿ ಕೊಳ್ಳಬಹುದಾದ ಫಿಲಮೆಂಟ್ (ಪ್ರಿಂಟರ್ ಕರಗಿಸಿ ಬಳಸುವ ಪ್ಲಾಸ್ಟಿಕ್ ಎಳೆ) ಇದು; ಪಿಎಲ್‌ಎ ಎಂಬುದು ಆ ಪ್ಲಾಸ್ಟಿಕ್‌ನ ಹೆಸರು. ಎಳೆ ಕರಗಿ ಹೊರಬರುವ ನಾಝಲ್ 200–210 ಡಿಗ್ರಿ, ವಸ್ತು ಕೂರುವ ಬೆಡ್ 60 ಡಿಗ್ರಿ ಇದ್ದರೆ ಸಾಕು, ಅಂಚು ಏಳುವ ಕಾಟ ಕಡಿಮೆ. 1 ಕೆಜಿ ಸ್ಪೂಲಿಗೆ ಸುಮಾರು 335 ಮೀಟರ್ ಎಳೆ. ದೊಡ್ಡ ದೂರು ಒಂದೇ: ತಿಂಗಳುಗಟ್ಟಲೆ ಬಿಟ್ಟ ಸ್ಪೂಲು ಬಿಡಿಸುವಾಗಲೇ ಮುರಿಯುತ್ತದೆ.

‘ತೇವ ಹಿಡಿದಿದೆ, ಡ್ರೈಯರ್‌ಗೆ ಹಾಕಿ’ ಎಂಬ ಸಲಹೆ ಅರ್ಧ ಮಾತ್ರ ಸರಿ. ಕಾರ್ಖಾನೆಯಲ್ಲಿ ಎಳೆ ತಣಿಯುವ ವೇಗಕ್ಕೆ ಪಿಎಲ್‌ಎಯ ಉದ್ದನೆಯ ಅಣುಗಳಿಗೆ ಹರಳುಗಟ್ಟಲು ಪುರಸೊತ್ತಿಲ್ಲ. ಅಡ್ಡಾದಿಡ್ಡಿಯಾಗಿಯೇ ಗಟ್ಟಿಯಾಗುತ್ತವೆ, ನಡುವೆ ಅತಿಸಣ್ಣ ಸಂದುಗಳು ಉಳಿಯುತ್ತವೆ. ಇದೇ ಫ್ರೀ ವಾಲ್ಯೂಮ್. ಎಳೆ ಬಾಗಿದಾಗ ಅಣುಗಳು ಸರಿದು ಜಾಗ ಮಾಡಿಕೊಳ್ಳುವುದು ಇಲ್ಲಿಯೇ. ಪಿಎಲ್‌ಎಯ ಗ್ಲಾಸ್ ಟ್ರಾನ್ಸಿಷನ್, ಅಂದರೆ ಗಟ್ಟಿ ಪ್ಲಾಸ್ಟಿಕ್ ಮೆತ್ತಗಾಗತೊಡಗುವ ಬಿಸಿ, 55–60 ಡಿಗ್ರಿ. ನಮ್ಮ ಕೋಣೆಯ ಬಿಸಿ ಅದಕ್ಕೆ ಬಹಳ ದೂರವಿಲ್ಲವಾದ್ದರಿಂದ ಇಟ್ಟಲ್ಲೇ ಈ ಸಂದುಗಳು ಮೆಲ್ಲಗೆ ಕುಗ್ಗುತ್ತವೆ. ಎಳೆ ಸೆಟೆಯುತ್ತದೆ, ಬಳುಕು ಹೋಗುತ್ತದೆ. 45 ಡಿಗ್ರಿಯ ಡ್ರೈಯರ್ ನೀರನ್ನೇನೋ ತೆಗೆಯುತ್ತದೆ, ಆದರೆ ಈ ಕುಗ್ಗುವಿಕೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ!

ನಾಝಲ್‌ನಲ್ಲಿ ಚಟಪಟ ಸದ್ದು, ಮೇಲ್ಮೈಯಲ್ಲಿ ಗುಳ್ಳೆ, ಎಲ್ಲೆಡೆ ನೂಲು ಕಂಡರೆ ನೀರಿದೆ, ಒಣಗಿಸಿ. ಪ್ರಿಂಟ್ ಚೆನ್ನಾಗಿ ಬಂದು ಎಳೆ ಮಾತ್ರ ಮುರಿಯುತ್ತಿದ್ದರೆ ಒಂದು ಗೇಣು ತುಂಡನ್ನು 70 ಡಿಗ್ರಿ ನೀರಿನಲ್ಲಿ ಒಂದು ನಿಮಿಷ ಇಟ್ಟು, ತಕ್ಷಣ ತಣ್ಣೀರಿಗೆ ಅದ್ದಿ ಬಾಗಿಸಿ ನೋಡಿ. ಬಳುಕು ಮರಳಿದರೆ ಎಳೆಗೆ ವಯಸ್ಸಾಗಿತ್ತು ಅಷ್ಟೇ. ಆಗಲೂ ಮುರಿದರೆ ಅಣುಸರಪಳಿಗಳೇ ತುಂಡಾಗಿರುವ ಸಾಧ್ಯತೆ ಹೆಚ್ಚು. ಇಡೀ ಸ್ಪೂಲನ್ನು ಮಾತ್ರ ಬಿಸಿನೀರಿಗೆ ಇಳಿಸಬೇಡಿ, ಸುತ್ತುಗಳು ಮೆತ್ತಗಾಗಿ ಒಂದಕ್ಕೊಂದು ಒತ್ತಿಕೊಂಡು ಕೆಡುತ್ತವೆ.

ವಯಸ್ಸಾದ ಎಳೆಯನ್ನು ಎಸೆಯಬೇಕಿಲ್ಲ. ನಾಝಲ್‌ನಲ್ಲಿ ಕರಗಿದ ಕೂಡಲೇ ಆ ವಯಸ್ಸು ಅಳಿಸಿಹೋಗುತ್ತದೆ. ಆದರೆ ಪ್ರಿಂಟ್ ಆದ ವಸ್ತುವಿಗೆ ಅಲ್ಲಿಂದಲೇ ಹೊಸದಾಗಿ ವಯಸ್ಸಾಗತೊಡಗುತ್ತದೆ. ಮೊದಲ ದಿನ ಸಲೀಸಾಗಿ ಬಾಗಿದ ಕ್ಲಿಪ್ಪು ಆಮೇಲೆ ಮುರಿಯುವುದು ಇದಕ್ಕೇ. ಬಾಗುವ ಭಾಗಗಳಿಗೆ ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ವಾಸಿ, ಅದರ ಗ್ಲಾಸ್ ಟ್ರಾನ್ಸಿಷನ್ ಸುಮಾರು 80 ಡಿಗ್ರಿ. ಬಿಸಿಲಲ್ಲಿ ನಿಲ್ಲುವ ಕಾರಿನೊಳಗೆ ಪಿಎಲ್‌ಎ ಬೇಡವೇ ಬೇಡ.

ಕೆಲಸ ಮುಗಿದ ಮೇಲೆ ಎಳೆಯನ್ನು ನಾಝಲ್‌ಗೆ ಒಯ್ಯುವ ಟ್ಯೂಬಿನಲ್ಲೇ ರಾತ್ರಿಯಿಡೀ ಬಿಡಬೇಡಿ. ಸುರುಳಿಯ ಬಾಗು ನೆಟ್ಟಗಾದಾಗ ಒಳಮೈ ಎಳೆತಕ್ಕೆ ಸಿಕ್ಕಿ ಅಲ್ಲೇ ತುಂಡಾಗುತ್ತದೆ, ಟ್ಯೂಬ್ ಬಿಚ್ಚಿ ತೆಗೆಯಬೇಕಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಐದು ಸ್ಪೂಲ್ ಒಟ್ಟಿಗೆ ಕೊಳ್ಳುವುದಕ್ಕಿಂತ ಬೇಕಾದಾಗ ಒಂದೊಂದೇ ತರಿಸಿಕೊಳ್ಳಿ.